ಮಾಸು ಬೀಳಲಿ ಅಂತ ಕಾಯಬೇಡಿ: ಮೇಕೆ ಮರಿಗೆ ಗಿಣ್ಣು ಕುಡಿಸುವ ಬಗ್ಗೆ

ಓದುಗರ ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ನಮ್ಮ ಕಸುಬು. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ ದಂಡ ಆಗಬಾರದು ಅಂತ ಆರು ಮೇಕೆ ಸಾಕಿದ್ದೇವೆ. ಕಳೆದ ತಿಂಗಳು ಒಂದು ಮೇಕೆ ಮೊದಲ ಸಲ ಮರಿ ಹಾಕಿತು. ರಾತ್ರಿ 11ರ ಹೊತ್ತು, ಅವಳಿ ಮರಿ. 'ಮಾಸು ಬೀಳೋ ತನಕ ಗಿಣ್ಣು ಕುಡಿಸಬಾರದು, ಮಾಸು ಒಳಗೇ ನಿಂತುಬಿಡುತ್ತೆ' ಅಂದರು ಅತ್ತೆ. ಎರಡೂ ಮರಿಗಳನ್ನು ಮಂಕರಿ ಕೆಳಗೆ ಮುಚ್ಚಿದೆವು. ಮಾಸು ಬಿದ್ದಾಗ ಬೆಳಗಿನ ಜಾವ 4 ಗಂಟೆ. ದೊಡ್ಡ ಮರಿ ಹೋಗಿ ಕುಡಿಯಿತು. ಚಿಕ್ಕದು ಮೊಲೆಗೆ ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು. ತಾಯಿ ಬೇರೆ ಒದೆಯುತ್ತಿತ್ತು. ಮರಿ ತಣ್ಣಗಿತ್ತು ಅಂತ ಹುಳು ಮನೆಯಲ್ಲಿ ಇದ್ದಿಲು ಒಲೆ ಪಕ್ಕ ಮಲಗಿಸಿ, ಒಳಲೆಯಲ್ಲಿ ಹಸುವಿನ ಹಾಲು ಕುಡಿಸಿದೆವು. ಮಾರನೇ ದಿನ ಗೊರಗೊರ ಅಂತ ಉಸಿರು. ಮೂರನೇ ದಿನ ಸತ್ತಿತು. ಹೋದ ವರ್ಷವೂ ಬೇರೆ ಮೇಕೆಯ ಒಂದು ಮರಿ ಹೀಗೇ ಹೋಯಿತು. ಈಗ ಇನ್ನೊಂದು ಮೇಕೆ ತುಂಬು ಗಬ್ಬ ಇದೆ. ಈ ಸಲ ಏನು ಮಾಡಬೇಕು? ಗಿಣ್ಣು ಜಾಸ್ತಿ ಕುಡಿದರೆ ಭೇದಿ ಆಗುತ್ತೆ, ನಾವು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದೆಲ್ಲ ನಿಜವಾ? ಆ ಒದೆಯುವ ಮೇಕೆಯನ್ನು ಮಾರಿಬಿಡೋದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ನನ್ನ ಕಣ್ಣು ನಿಂತಿದ್ದು ರಾತ್ರಿ 11ರಿಂದ 4ರ ತನಕದ ಆ ಐದು ಗಂಟೆಯ ಮೇಲೆ. ಮರಿಗೆ ಮೊಲೆ ಹಿಡಿಯಲು ಬರಲಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಹುಟ್ಟಿದ ಮೊದಲ ಗಂಟೆಯಲ್ಲಿ ಬಿಟ್ಟಿದ್ದರೆ ಅದೂ ಬಹುಶಃ ಹಿಡಿಯುತ್ತಿತ್ತು. ಕುಡಿಯುವ ಕಸುವು ಇದ್ದಾಗ ಮಂಕರಿ ಕೆಳಗಿತ್ತು, ಮಂಕರಿ ತೆಗೆದಾಗ ಕಸುವು ಹೋಗಿತ್ತು.

ಮಾಸಿನ ಮಾತು ಮೊದಲು. ನಿಮ್ಮತ್ತೆ ಹೇಳಿದ್ದನ್ನೇ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆ ಕೇಳಿದ್ದೇನೆ, ಹಸುವಿನ ವಿಷಯದಲ್ಲೂ ಕೇಳಿದ್ದೇನೆ. ಅವರೇನೂ ಹುಟ್ಟಿಸಿಕೊಂಡು ಹೇಳಿದ್ದಲ್ಲ, ಅವರಿಗೆ ಅವರ ಹಿರಿಯರು ಹೇಳಿದ್ದು. ಆದರೆ ಒಳಗೆ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆ ಆಗುತ್ತದೆ. ಹಾಲು ಇಳಿಸುವುದು ಅದೇ, ಗರ್ಭಕೋಶವನ್ನು ಹಿಂಡಿ ಮಾಸು ಹೊರಗೆ ತಳ್ಳುವುದೂ ಅದೇ. ಅಂದರೆ ಮರಿ ಕುಡಿದರೆ ಮಾಸು ಬೇಗ ಬೀಳಲು ಸಹಾಯ. ಮಾಮೂಲಿಯಾಗಿ ಮೇಕೆಯ ಮಾಸು ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. 12 ಗಂಟೆ ದಾಟಿದರೆ ಮಾತ್ರ ಡಾಕ್ಟರನ್ನು ಕರೆಯಿರಿ. ನೇತಾಡುತ್ತಿದೆ ಅಂತ ಎಳೆಯುವುದು, ಅದಕ್ಕೆ ಚಪ್ಪಲಿ ಕಟ್ಟುವುದು, ಕಲ್ಲು ಕಟ್ಟುವುದು ಬೇಡವೇ ಬೇಡ. ಒಳಗೆ ಹರಿದು ರಕ್ತ ಹೋಗುತ್ತದೆ, ಕೀವಾಗುತ್ತದೆ.

ಇನ್ನು ಗಿಣ್ಣು ಯಾಕೆ ಅಷ್ಟು ಅವಸರ? ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿ ಸ್ವಲ್ಪ ಗರ್ಭದಲ್ಲೇ ಸಿಗುತ್ತದೆ. ಮೇಕೆಯ ಮಾಸಿನ ರಚನೆ ಬೇರೆ. ಅದರ ಮೂಲಕ ಈ ಶಕ್ತಿ ದಾಟುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಸಿಗುವುದೆಲ್ಲ ಗಿಣ್ಣಿನಿಂದಲೇ ಸಿಗಬೇಕು. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶ ದೊಡ್ಡ ಗಾತ್ರದ್ದು. ಅದನ್ನು ಹಾಗೇ ಹೀರಿ ರಕ್ತಕ್ಕೆ ಬಿಡುವ ಗುಣ ಮರಿಯ ಕರುಳಿಗೆ ಹುಟ್ಟಿದಾಗ ಇರುತ್ತದೆ. ಗಂಟೆ ಕಳೆದಂತೆ ಅದು ಕಡಿಮೆ ಆಗುತ್ತಾ ಹೋಗುತ್ತದೆ. ಮೊದಲ 6 ಗಂಟೆ ಒಳ್ಳೆಯ ಕಾಲ. 24 ಗಂಟೆ ಆದ ಮೇಲೆ ಹೆಚ್ಚುಕಡಿಮೆ ಬಾಗಿಲು ಹಾಕಿದ ಹಾಗೆ. ಆಮೇಲೆ ಲೀಟರುಗಟ್ಟಲೆ ಕೊಟ್ಟರೂ ಅದು ಊಟ ಅಷ್ಟೇ.

ಜೊತೆಗೆ ಬಿಸಿಯ ವಿಷಯ ಇದೆ. ಎರಡು ಕೆಜಿ ತೂಗುವ ಒದ್ದೆ ಮರಿ, ನಂದಿ ಬೆಟ್ಟದ ಸುತ್ತಲಿನ ಚಳಿಗಾಲದ ರಾತ್ರಿ. ಅದರ ಮೈಯಲ್ಲಿ ಸ್ವಲ್ಪ ಕೊಬ್ಬು ಇರುತ್ತದೆ, ಅದನ್ನು ಉರಿಸಿ ಬೆಚ್ಚಗಿರುತ್ತದೆ. ಅದು ಕೆಲವೇ ಗಂಟೆಗೆ ಸಾಲುತ್ತದೆ. ಅವಳಿಯಲ್ಲಿ ಚಿಕ್ಕದಾಗಿ ಹುಟ್ಟಿದ್ದಕ್ಕೆ ಇನ್ನೂ ಬೇಗ ಮುಗಿಯುತ್ತದೆ. ಮೈ ತಣ್ಣಗಾದ ಮರಿಗೆ ಚೀಪುವ ಚುರುಕೇ ಇರುವುದಿಲ್ಲ. ಚೀಪದಿದ್ದರೆ ಇನ್ನೂ ತಣ್ಣಗಾಗುತ್ತದೆ. ನಿಮ್ಮ ಮರಿ ಈ ಸುಳಿಗೆ ಸಿಕ್ಕಿತ್ತು ಅಂತ ಕಾಣುತ್ತದೆ.

ಹಾಗಾಗಿ 'ಮರಿ ಕುಡೀತಿಲ್ಲ' ಅಂತ ಅನ್ನಿಸಿದ ತಕ್ಷಣ ಮೊದಲು ಮಾಡಬೇಕಾದ್ದು ಅದರ ಬಾಯೊಳಗೆ ಬೆರಳು ಇಡುವುದು. ಬೆಚ್ಚಗಿದ್ದು ನಿಮ್ಮ ಬೆರಳನ್ನೇ ಚೀಪಲು ನೋಡಿದರೆ ಮರಿ ಸರಿಯಿದೆ, ತೊಂದರೆ ಮೊಲೆಯಲ್ಲೋ ತಾಯಿಯಲ್ಲೋ ಇದೆ. ಬಾಯಿ ತಣ್ಣಗಿದ್ದರೆ ಹಾಲಿನ ಮಾತು ಆಮೇಲೆ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹುಳು ಮನೆ ಗೋಡೆಗೆ ತೂಗು ಹಾಕುತ್ತೀರಲ್ಲ ಅದಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುವ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಗುದದಲ್ಲಿ ಇಟ್ಟು ನೋಡಿ. ಮರಿಗೆ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. 100ಕ್ಕಿಂತ ಕೆಳಗೆ ಇದ್ದರೆ ಚಳಿ ಹಿಡಿದಿದೆ. ಒಣ ಬಟ್ಟೆ, ಗೋಣಿಚೀಲದಿಂದ ಚೆನ್ನಾಗಿ ತಿಕ್ಕಿ ಒಣಗಿಸಿ. ಬಾಟಲಿಗೆ ಬಿಸಿ ನೀರು ತುಂಬಿ, ಬಟ್ಟೆ ಸುತ್ತಿ, ಎರಡೂ ಪಕ್ಕಕ್ಕೆ ಇಡಿ. ಕೆಳಗೆ ಹುಲ್ಲು ದಪ್ಪಗೆ ಹಾಸಿ, ಏಕೆಂದರೆ ನೆಲವೇ ಬಿಸಿಯನ್ನು ಹೀರುತ್ತದೆ.

99ಕ್ಕಿಂತಲೂ ಕೆಳಗಿದ್ದು, ಹುಟ್ಟಿ ಐದಾರು ಗಂಟೆ ಆಗಿ, ಹೊಟ್ಟೆಗೂ ಏನೂ ಬಿದ್ದಿಲ್ಲದಿದ್ದರೆ ಮಾತ್ರ ಜೋಪಾನ. ಅಂಥ ಮರಿಯ ರಕ್ತದಲ್ಲಿ ಸಕ್ಕರೆ ಮುಗಿದಿರುತ್ತದೆ. ಸುಮ್ನೆ ಕಾಯಿಸುತ್ತಾ ಹೋದರೆ ಫಿಟ್ಸ್ ಬಂದು ಸಾಯಬಹುದು. ಅದಕ್ಕೆ ಮೊದಲು ಗ್ಲೂಕೋಸ್ ಬೇಕು, ಡಾಕ್ಟರು ಹೊಟ್ಟೆಯೊಳಗೆ ಇಂಜೆಕ್ಷನ್ ಮೂಲಕ ಕೊಡುತ್ತಾರೆ. ಅವರು ಬರುವ ತನಕ ಬೆರಳ ತುದಿಯಲ್ಲಿ ಜೇನುತುಪ್ಪವನ್ನೋ ಬೆಲ್ಲದ ಪಾಕವನ್ನೋ ವಸಡಿಗೆ ಸವರುತ್ತಿರಿ. ಸವರಬೇಕು, ಹುಯ್ಯಬಾರದು.

ಇದ್ದಿಲು ಒಲೆಯ ಬಗ್ಗೆಯೂ ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಅನಿಲ ಮರಿಗೂ ಅಪಾಯ, ಜೊತೆಗೆ ಕೂತವರಿಗೂ ಅಪಾಯ. ಬ್ಲೀಚಿಂಗ್ ಪೌಡರೋ ಫಾರ್ಮಲಿನೋ ಹೊಡೆದು ಹೊಸ ಬೆಳೆಗೆ ತಯಾರು ಮಾಡಿದ ಹುಳು ಮನೆಯಲ್ಲಂತೂ ಮರಿ ಇಡಲೇಬೇಡಿ. ಆ ಘಾಟು ಎಳೆಯ ಶ್ವಾಸಕೋಶಕ್ಕೆ ಆಗುವುದಿಲ್ಲ. ಬಲ್ಬ್ ಕಟ್ಟುವುದಾದರೆ ಮರಿಯ ಬೆನ್ನಿನ ಎತ್ತರದಲ್ಲಿ ನಿಮ್ಮ ಅಂಗೈ ಇಟ್ಟು ನೋಡಿ, ಸುಡಬಾರದು. ಒಣ ಹುಲ್ಲಿನ ಮೇಲೆ ಕಳಚಿ ಬೀಳದ ಹಾಗೆ ಕಟ್ಟಿ.

ಮರಿ ಬೆಚ್ಚಗಿದೆ, ಆದರೂ ಮೊಲೆ ಹಿಡಿಯುತ್ತಿಲ್ಲ ಅಂತಾದರೆ ತಾಯಿಯ ಕೆಚ್ಚಲಿಗೆ ಬನ್ನಿ. ಮರಿ ಹಾಕುವ ಮುಂಚೆ ಮೊಲೆಯ ತೂತಿನಲ್ಲಿ ಮೇಣದಂಥ ಒಂದು ಬಿರಡೆ ಇರುತ್ತದೆ. ಬಲವಾದ ಮರಿ ಅದನ್ನು ಚೀಪಿಯೇ ತೆಗೆಯುತ್ತದೆ. ಸೋತ ಮರಿ ನಾಲ್ಕು ಸಲ ಎಳೆದು ಏನೂ ಬರದೆ ಬಿಟ್ಟುಬಿಡುತ್ತದೆ. 'ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು' ಅಂತ ನೀವು ಬರೆದದ್ದು ಓದಿದಾಗ ನನಗೆ ಮೊದಲು ಬಂದ ಅನುಮಾನ ಇದೇ. ದೊಡ್ಡ ಮರಿ ಒಂದು ಮೊಲೆ ತೆರೆದುಕೊಂಡಿತ್ತು, ಇನ್ನೊಂದು ಹಾಗೇ ಮುಚ್ಚಿದ್ದಿರಬಹುದು. ಮರಿ ಹಾಕಿದ ಕೂಡಲೇ ಕೆಚ್ಚಲನ್ನು ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಎರಡೂ ಮೊಲೆಯಿಂದ ಎರಡು ಮೂರು ಸಲ ಹಿಂಡಿ ಬಿಡಿ. ಅಂಟಂಟಾದ ಹಳದಿ ಗಿಣ್ಣು ಎಳೆಯಾಗಿ ಬರಬೇಕು. ನೀರು ನೀರಾಗಿ, ಗರಣೆ ಗರಣೆಯಾಗಿ, ರಕ್ತ ಬೆರೆತು ಬಂದರೆ, ಅಥವಾ ಕೆಚ್ಚಲಿನ ಒಂದು ಭಾಗ ಕಲ್ಲಿನಂತಿದ್ದು ಬಿಸಿ ಇದ್ದರೆ ಅದು ಕೆಚ್ಚಲು ಬಾವು. ಒದೆತಕ್ಕೂ ಅದೇ ಕಾರಣ ಇರಬಹುದು.

ಮೊದಲ ಸೂಲಿನ ಮೇಕೆ ಬಾವು ಇಲ್ಲದಿದ್ದರೂ ಒದೆಯುತ್ತದೆ. ಕೆಚ್ಚಲು ಬಿಗಿದು ನೋಯುತ್ತಿರುತ್ತದೆ, ಇದೇನು ಕಾಲ ಸಂದಿಯಲ್ಲಿ ನುಗ್ಗುತ್ತಿದೆ ಅಂತ ಅದಕ್ಕೂ ಗೊತ್ತಿರುವುದಿಲ್ಲ. ಸ್ವಲ್ಪ ಹಿಂಡಿ ಬಿಗಿ ಇಳಿಸಿದರೆ ಅರ್ಧ ಒದೆತ ನಿಲ್ಲುತ್ತದೆ. ಇನ್ನೊಂದು ಕಾರಣವನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. ನಮ್ಮ ನಾಟಿ ಮೇಕೆಗೆ ಜಮುನಾಪಾರಿ ಹೋತ ಕೊಡಿಸುತ್ತಾರೆ. ಉದ್ದ ಕಿವಿ, ಎತ್ತರದ ಮೈ, ಸಂತೆಯಲ್ಲಿ ಒಳ್ಳೆ ರೇಟು. ಆ ಮಿಶ್ರ ತಳಿಯ ಹೆಣ್ಣುಗಳಲ್ಲಿ ಕೆಲವಕ್ಕೆ ಮೊಲೆ ದಪ್ಪ, ಜೋತುಬಿದ್ದಿರುತ್ತದೆ. ಮರಿ ಮೇಲೆ ಮೇಲೆ ಹುಡುಕುತ್ತದೆ, ಮೊಲೆ ಕೆಳಗಿರುತ್ತದೆ. ಸಿಕ್ಕರೂ ಆ ಪುಟ್ಟ ಬಾಯಿಗೆ ಹಿಡಿಸುವುದಿಲ್ಲ. ಗುಡಿಬಂಡೆ ಕಡೆ ಒಂದು ಮನೆಯಲ್ಲಿ ಮರಿ ಇಡೀ ರಾತ್ರಿ ಕೆಚ್ಚಲ ಪಕ್ಕದ ಕೂದಲಿನ ಕುಚ್ಚನ್ನೇ ಚೀಪಿತ್ತು. ಬಾಯಿ ಅಲ್ಲಾಡುತ್ತಿತ್ತು, ಮನೆಯವರು ಕುಡಿಯುತ್ತಿದೆ ಅಂತ ನೆಮ್ಮದಿಯಾಗಿ ಮಲಗಿದ್ದರು. ಆ ಕೂದಲನ್ನು ಮುಂಚೆಯೇ ಕತ್ತರಿಸಿಬಿಡಿ.

ಹಾಗಾದರೆ ನಿಜವಾಗಿ ಕುಡಿಯುತ್ತಿದೆಯಾ ಅಂತ ಗೊತ್ತಾಗುವುದು ಹೇಗೆ? ಬಾಲ ನೋಡಿ. ಹಾಲು ಬಾಯಿಗೆ ಬಂದರೆ ಬಾಲ ಪಟಪಟ ಅಂತ ಆಡುತ್ತದೆ. ಗಂಟಲಲ್ಲಿ ನುಂಗುವುದು ಕಾಣುತ್ತದೆ. ಆಮೇಲೆ ಹೊಟ್ಟೆ ಮುಟ್ಟಿದರೆ ತುಂಬಿಕೊಂಡಿರುತ್ತದೆ, ಬಿಗಿದು ಉಬ್ಬಿರುವುದಿಲ್ಲ. ಹೊಟ್ಟೆ ತುಂಬಿದ ಮರಿ ಮಲಗಿ ಎದ್ದಾಗ ಬೆನ್ನು ಬಾಗಿಸಿ ಮೈ ಮುರಿಯುತ್ತದೆ. ಹಸಿದದ್ದು ಬೆನ್ನು ಗೂನು ಮಾಡಿಕೊಂಡು ಒಂದು ಕಡೆ ನಿಂತಿರುತ್ತದೆ, ಇಲ್ಲಾ ಅರಚುತ್ತಿರುತ್ತದೆ. ಅರಚುವುದೂ ನಿಂತರೆ ಇನ್ನೂ ಕೆಟ್ಟದ್ದು.

ಕುಡಿಸುವ ಕ್ರಮ ಹೇಳುತ್ತೇನೆ. ಇಬ್ಬರಿದ್ದರೆ ಸುಲಭ. ಒಬ್ಬರು ತಾಯಿಯನ್ನು ಗೋಡೆಯ ಮೂಲೆಗೆ ಒತ್ತಿ, ಮಂಡಿ ಒತ್ತು ಕೊಟ್ಟು ನಿಲ್ಲಿಸಿ. ಮುಂದೆ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಹಾಕಿ, ಗಮನ ಅತ್ತ ಹೋಗಲಿ. ಇನ್ನೊಬ್ಬರು ಮರಿಯನ್ನು ಅದರ ಕಾಲ ಮೇಲೇ ನಿಲ್ಲಿಸಿ, ಹಿಂಭಾಗದಿಂದ ಮುಂದಕ್ಕೆ ದೂಡಿ. ಬಹಳ ಜನ ತಲೆ ಹಿಡಿದು ಮೊಲೆಗೆ ಒತ್ತುತ್ತಾರೆ. ತಲೆ ಒತ್ತಿದರೆ ಮರಿ ಹಿಂದಕ್ಕೆ ಎಳೆಯುತ್ತದೆ, ಅದು ಅದರ ಸ್ವಭಾವ. ಗದ್ದದ ಕೆಳಗೆ ಎರಡು ಬೆರಳು ಕೊಟ್ಟರೆ ಸಾಕು. ತುಟಿಗೆ ಒಂದು ತೊಟ್ಟು ಗಿಣ್ಣು ಹಿಂಡಿ. ಬಾಲದ ಬುಡದಲ್ಲಿ ಬೆರಳಿಂದ ಕೆರೆಯಿರಿ. ತಾಯಿ ಮರಿಯನ್ನು ನೆಕ್ಕುವುದು ಅಲ್ಲೇ, ಅಲ್ಲಿ ಮುಟ್ಟಿದರೆ ಚೀಪುವ ಆಸೆ ಹುಟ್ಟುತ್ತದೆ. ಮೊಲೆ ಬಾಯೊಳಗೆ ಹೋದ ಮೇಲೆ ನಿಧಾನಕ್ಕೆ ಹಿಂಡಿ ಕೊಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು, ಅರ್ಧ ಗಂಟೆ ಕಳೆದು ಮತ್ತೆ ನೋಡಿ. ಇಬ್ಬರಿಗೂ ರೇಗಿದರೆ ಕೆಲಸ ಕೆಡುತ್ತದೆ. ನೀವು ಮಾಡಬಹುದಾದ್ದರಲ್ಲಿ ಇದೇ ಅತಿ ಸುರಕ್ಷಿತ, ನಾನು ಮೊದಲು ಹೇಳುವುದೂ ಇದನ್ನೇ.

ಹುಟ್ಟಿ ಎರಡು ಗಂಟೆ ಆದರೂ ಹೀಗೆ ಕುಡಿಯದಿದ್ದರೆ ಇನ್ನು ಕಾಯಬೇಡಿ. ಗಿಣ್ಣನ್ನು ಹಿಂಡಿ ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. 2 ಕೆಜಿ ಮರಿಗೆ ಮೊದಲ ಸಲ 80ರಿಂದ 100 ಮಿ.ಲೀ. ಒಂದೇ ಸಲಕ್ಕೆ ಆಗದಿದ್ದರೆ ಐವತ್ತೈವತ್ತರಂತೆ. ಮೊದಲ 24 ಗಂಟೆಯಲ್ಲಿ ಮರಿಯ ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ 200 ಮಿ.ಲೀ. ಕನಿಷ್ಠ ಹೋಗಬೇಕು. ಐದಾರು ಸಲ ಹಂಚಿ ಇನ್ನೂ ಜಾಸ್ತಿ ಕೊಟ್ಟರೂ ತೊಂದರೆ ಇಲ್ಲ. ಗಿಣ್ಣು ಮೈ ಬಿಸಿಯಷ್ಟೇ ಇರಲಿ. ತಣ್ಣಗಾಗಿದ್ದರೆ ಪಾತ್ರೆಯನ್ನು ಬಿಸಿ ನೀರಲ್ಲಿ ಇಟ್ಟು ಬೆಚ್ಚಗೆ ಮಾಡಿ. ಒಲೆ ಮೇಲೆ ಇಟ್ಟರೆ ಗಟ್ಟಿಯಾಗುತ್ತದೆ, ರೋಗನಿರೋಧಕ ಅಂಶವೂ ಹಾಳಾಗುತ್ತದೆ. ಏಲಕ್ಕಿ ಬೆಲ್ಲ ಹಾಕಿ ಬೇಯಿಸಿದ ಗಿಣ್ಣು ನಮಗೆ ಚೆಂದ, ಮರಿಗಲ್ಲ. ಬಾಟಲಿಯ ಅಪಾಯ ಏನೆಂದರೆ ರಬ್ಬರ್ ನಿಪ್ಪಲ್ ರೂಢಿಯಾದ ಮರಿ ತಾಯಿಯ ಕಡೆ ತಿರುಗುವುದಿಲ್ಲ. ಒಂದೆರಡು ಸಲ ಕುಡಿಸಿ ಕಸುವು ಬಂದ ಮೇಲೆ ಹಸಿದಿರುವಾಗಲೇ ಮತ್ತೆ ತಾಯಿಗೆ ಹಿಡಿಸಿ.

ಒಳಲೆಯ ವಿಷಯ. ನಿಮಗೆ ಬೇಜಾರಾಗಬಹುದು, ಆದರೂ ಮುಂದಿನ ಮರಿಗಾಗಿ ಹೇಳಬೇಕು. ಮಗುವಿಗೆ ಒಳಲೆ ಹಿಡಿಯುವ ಕೈಗೆ ಮರಿಗೂ ಅದೇ ಸುಲಭ ಅನ್ನಿಸುತ್ತದೆ. ಆದರೆ ತಣ್ಣಗಾಗಿ ಸೋತ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ. ಬಾಯಿಗೆ ಸುರಿದ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮಾರನೇ ದಿನದ ಆ ಗೊರಗೊರ ಉಸಿರು ಅದನ್ನೇ ಹೇಳುತ್ತದೆ ಅಂತ ನನ್ನ ಅಂದಾಜು. ಮರಣೋತ್ತರ ಪರೀಕ್ಷೆ ಮಾಡದೆ ಖಡಾಖಂಡಿತ ಹೇಳಲಾಗದು, ಗಿಣ್ಣು ಸಿಗದೆ ಸೋಂಕು ಹತ್ತಿದ್ದೂ ಇರಬಹುದು. ಒಳಲೆ, ಚಮಚ, ಸಿರಿಂಜು ಯಾವುದರಿಂದಲೂ ಹುಯ್ಯಬೇಡಿ. ಬಾಟಲಿಯಲ್ಲೂ ಮರಿಯನ್ನು ಅಂಗಾತ ಹಿಡಿಯಬೇಡಿ. ನಿಲ್ಲಿಸಿ ಅಥವಾ ಅದರ ಎದೆ ನೆಲಕ್ಕೆ ತಾಗುವ ಹಾಗೆ ಕೂರಿಸಿ, ತಲೆ ಸ್ವಲ್ಪ ಮೇಲಿರಲಿ. ಕುಡಿದ ಹಾಲು ಪ್ರತಿ ಸಲ ಮೂಗಿಂದ ಬಂದರೆ ಬಾಯಿ ತೆರೆದು ಅಂಗುಳ ನೋಡಿ. ಸೀಳಿದ್ದರೆ ಅದು ಹುಟ್ಟಿನ ದೋಷ, ಆ ಮರಿ ಉಳಿಯುವುದು ಕಷ್ಟ.

ಚೀಪುವ ಶಕ್ತಿಯೇ ಇಲ್ಲದ ಮರಿಗೆ ಬಾಯಿಂದ ಹೊಟ್ಟೆಗೆ ಸಣ್ಣ ಟ್ಯೂಬ್ ಇಳಿಸಿ ಗಿಣ್ಣು ಕೊಡಬಹುದು. ಐದು ನಿಮಿಷದ ಕೆಲಸ, ಜೀವ ಉಳಿಸುತ್ತದೆ. ಆದರೆ ಟ್ಯೂಬ್ ಶ್ವಾಸಕೋಶಕ್ಕೆ ಹೋದರೆ ಮರಿ ಅಲ್ಲೇ ಮುಗಿಯಿತು. ಫೋನಿನಲ್ಲಿ ವಿಡಿಯೋ ನೋಡಿ ಕಲಿಯುವ ಕೆಲಸ ಇದಲ್ಲ. ಪಶು ಆಸ್ಪತ್ರೆಯಲ್ಲಿ ಒಂದು ಸಲ ಎದುರಲ್ಲೇ ಮಾಡಿಸಿ ಕಲಿಯಿರಿ. ಗಾಡಿ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನಂಬರ್ ಅದು.

ತಾಯಿಗೆ ಗಿಣ್ಣೇ ಇಲ್ಲದಿದ್ದರೆ? ಅದೇ ದಿನ ಮರಿ ಹಾಕಿದ ನಿಮ್ಮದೇ ಇನ್ನೊಂದು ಮೇಕೆಯ ಗಿಣ್ಣು ಮೊದಲ ಆಯ್ಕೆ. ಬೇರೆಯವರ ಹಿಂಡಿನದು ಅಂದರೆ ಆ ಹಿಂಡಿನ ರೋಗವೂ ಜೊತೆಗೆ ಬರಬಹುದು, ಆರೋಗ್ಯ ಗೊತ್ತಿರುವ ಕಡೆಯಿಂದ ಮಾತ್ರ ತನ್ನಿ. ಹೆಚ್ಚಿಗೆ ಗಿಣ್ಣು ಇರುವ ಮೇಕೆಯಿಂದ ಹಿಂಡಿ, 50 ಮಿ.ಲೀ. ಬಾಟಲಿಗಳಲ್ಲಿ ಫ್ರೀಜರ್‌ನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಯಾವುದೂ ಇಲ್ಲದಾಗ ಹಸುವಿನ ಗಿಣ್ಣು. ಮೇಕೆಯ ರೋಗಗಳಿಗೆ ಅದು ಅಷ್ಟು ಹೊಂದುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಬಹಳ ಮೇಲು. ನೀವು ಕೊಟ್ಟದ್ದು ಹಸುವಿನ ಮಾಮೂಲಿ ಹಾಲು. ಅದು ಹಸಿವಿಗೆ ಆಯಿತು, ರಕ್ಷಣೆಗೆ ಆಗಲಿಲ್ಲ.

ಗಿಣ್ಣಿನಿಂದ ಭೇದಿ ಅನ್ನುವುದು ಅರ್ಧ ಸತ್ಯ. ಮರಿಯ ಮೊದಲ ಮಲ ಕಪ್ಪಗೆ, ಅಂಟಂಟಾಗಿ ಇರುತ್ತದೆ. ಗಿಣ್ಣು ಅದನ್ನು ಸಡಿಲ ಮಾಡಿ ಹೊರಗೆ ಹಾಕುತ್ತದೆ. ಆಮೇಲೆ ಹಳದಿ ಜಿಗಟು ಮಲ ಬರುತ್ತದೆ. ಅದನ್ನೇ ಭೇದಿ ಅಂದುಕೊಂಡು ಗಿಣ್ಣು ನಿಲ್ಲಿಸುತ್ತಾರೆ. ಬಾಲದ ಕೆಳಗೆ ಒಣಗಿ ಅಂಟಿಕೊಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ದಾರಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ.

ಕೈ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ನಿಜವಲ್ಲ. ಆದರೆ ಅದರ ಹಿಂದೆ ನಿಜದ ಒಂದು ತುಣುಕು ಇದೆ. ತಾಯಿ ತನ್ನ ಮರಿಯನ್ನು ವಾಸನೆಯಿಂದ ಗುರುತು ಹಿಡಿಯುತ್ತದೆ, ಮೊದಲ ಒಂದೆರಡು ಗಂಟೆಯಲ್ಲಿ ನೆಕ್ಕುತ್ತಾ ನೆಕ್ಕುತ್ತಾ ಆ ವಾಸನೆಯನ್ನು ಕಲಿಯುತ್ತದೆ. ಆ ಹೊತ್ತಲ್ಲಿ ಮರಿಯನ್ನು ದೂರ ಇಟ್ಟರೆ, ಸೋಪು ಹಾಕಿ ತೊಳೆದರೆ, ಎಣ್ಣೆ ಹಚ್ಚಿದರೆ ಪರಿಚಯ ತಪ್ಪುತ್ತದೆ. ನಿಮ್ಮ ಮೇಕೆ ಒದೆಯುವುದಕ್ಕೆ ಮಂಕರಿಯೂ ಒಂದು ಕಾರಣ ಅಂತ ನನ್ನ ಗುಮಾನಿ. ಮರಿಯನ್ನು ತಾಯಿಯ ಮೂತಿಯ ಮುಂದೆಯೇ ಇಟ್ಟು ಒರೆಸಿ, ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ.

ಮಂಕರಿಗೆ ಬೇರೆ ಉಪಯೋಗ ಇದೆ. ಅವಳಿಯಲ್ಲಿ ದೊಡ್ಡದು ಎರಡೂ ಮೊಲೆ ಬರಿದು ಮಾಡುತ್ತಿದ್ದರೆ ಅದನ್ನು ಕಾಲು ಗಂಟೆ ಮಂಕರಿ ಕೆಳಗೆ ಹಾಕಿ ಚಿಕ್ಕದಕ್ಕೆ ಮೊದಲು ಕುಡಿಸಿ. ಆದರೆ ಬೆಳಿಗ್ಗೆ ಮರಿಗಳನ್ನು ಮುಚ್ಚಿ, ತಾಯಿಯನ್ನು ಸಂಜೆ ತನಕ ಮೇಯಲು ಹೊಡೆದುಕೊಂಡು ಹೋಗುವ ಪದ್ಧತಿ ಇದೆಯಲ್ಲ, ಮೊದಲ ವಾರ ಅದು ಬೇಡ. ಎಂಟು ಹತ್ತು ಗಂಟೆ ಹಸಿದ ಎಳೆ ಮರಿ ಸಂಜೆ ಒಟ್ಟಿಗೇ ಗಬಗಬ ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ನಿಮ್ಮಲ್ಲಿ ಸೊಪ್ಪು ಮನೆಗೇ ಬರುತ್ತದೆ, ತಾಯಿಯನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಳ್ಳಬಹುದು.

ಈಗ ಗಬ್ಬ ಇರುವ ಮೇಕೆಗೆ ಬರೋಣ. ಮೇಕೆಯ ಗಬ್ಬ ಸುಮಾರು 150 ದಿನ. ಮರಿ ಬೆಳೆಯುವುದರಲ್ಲಿ ಬಹುಪಾಲು ಕೊನೆಯ ಆರು ವಾರದಲ್ಲೇ ಆಗುತ್ತದೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದರೆ ಹುಳು ಬಿಟ್ಟ ಬರೀ ಕಡ್ಡಿಯಲ್ಲಿ ಅಷ್ಟು ಸತ್ವ ಇಲ್ಲ. ದಿನಕ್ಕೆ 250 ಗ್ರಾಂನಷ್ಟು ಮುಸುಕಿನ ಜೋಳದ ನುಚ್ಚು, ಹಿಂಡಿ, ಬೂಸಾ ಸೇರಿಸಿ ಕೊಡಿ, ನಿಧಾನಕ್ಕೆ ಏರಿಸುತ್ತಾ. ಮರಿ ಹಾಕಲು ಮೂರು ನಾಲ್ಕು ವಾರ ಇರುವಾಗ ಕರುಳುಬೇನೆ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಹೋಗುತ್ತದೆ. ದಿನ ಹತ್ತಿರ ಬಂದಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಮುಂದುವರಿಯಿರಿ. ಥರ್ಮಾಮೀಟರ್, ಅಯೋಡಿನ್, ಹಳೆ ಬಟ್ಟೆ, ಸಣ್ಣ ನಿಪ್ಪಲ್ ಬಾಟಲಿ ಒಂದು ಚೀಲದಲ್ಲಿ ಹಾಕಿ ಕೊಟ್ಟಿಗೆಯಲ್ಲೇ ತೂಗು ಹಾಕಿ. ಮಧ್ಯರಾತ್ರಿ ಹುಡುಕುವ ಹಾಗೆ ಆಗಬಾರದು.

ಒದೆಯುವ ಮೇಕೆಯನ್ನು ಮಾರುವ ಮಾತಿಗೆ ನನ್ನ ಉತ್ತರ: ಈಗ ಬೇಡ. ಮೊದಲ ಸೂಲಿನಲ್ಲಿ ಒದ್ದ ಬಹಳಷ್ಟು ಮೇಕೆಗಳು ಎರಡನೇ ಸಲ ಒಳ್ಳೆ ತಾಯಿ ಆಗುತ್ತವೆ. ಅದರಲ್ಲೂ ಇದು ದೊಡ್ಡ ಮರಿಯನ್ನು ಸಾಕುತ್ತಿದೆ. ಕೆಚ್ಚಲು ಮಾತ್ರ ಒಮ್ಮೆ ತೋರಿಸಿ. ಒಂದು ಭಾಗ ಬತ್ತಿ ಗಟ್ಟಿಯಾಗಿದ್ದರೆ, ಅಥವಾ ಮೊಲೆ ಮರಿಯ ಬಾಯಿಗೆ ಹಿಡಿಸದಷ್ಟು ದಪ್ಪ ಇದ್ದರೆ ಆಗ ಮಾರುವ ಯೋಚನೆ ಮಾಡಿ. ಅಂಥ ಮೊಲೆಯ ಮೇಕೆಯ ಹೆಣ್ಣು ಮರಿಯನ್ನೂ ತಳಿಗೆ ಅಂತ ಉಳಿಸಿಕೊಳ್ಳಬೇಡಿ, ಆ ಗುಣ ಮುಂದಕ್ಕೂ ಹೋಗುತ್ತದೆ.